ಆಡುನುಡಿ, ನಂಬಿಕೆ ಮತ್ತು ಬ್ರ್ಯಾಂಡ್: ಸಾಮಾಜಿಕ ಮಾಧ್ಯಮದ ಪ್ರಭಾವಿಗಳ ದುಡಿಮೆಯ ನೆಲೆಗಳು

ಜಾಗತೀಕರಣೋತ್ತರ ಸಂದರ್ಭದಲ್ಲಿ ಭಾಷೆ ಮತ್ತು ಮಾರುಕಟ್ಟೆಗಳ ಸಂಬಂಧವನ್ನು ಕುರಿತ ಕನ್ನಡದ ಚರ್ಚೆಗಳು ಬಹುಮಟ್ಟಿಗೆ ಇಂಗ್ಲಿಷಿನ ಯಜಮಾನಿಕೆಯ ಸುತ್ತಲೇ ನಡೆದಿವೆ. ಮಾರುಕಟ್ಟೆಯು ಕನ್ನಡವನ್ನು ಹೊರಗಿಡುತ್ತದೆ ಎಂಬುದು ಈ ಚರ್ಚೆಗಳ ಸಾಮಾನ್ಯ ಗ್ರಹಿಕೆ. ಆದರೆ ಸಾಮಾಜಿಕ ಮಾಧ್ಯಮಗಳಲ್ಲಿ ಇದಕ್ಕೆ ವಿರುದ್ಧವಾದ ಪ್ರಕ್ರಿಯೆಯೊಂದು ನಡೆಯುತ್ತಿದೆ. ಇಲ್ಲಿ ಮಾರುಕಟ್ಟೆಗೆ ಕನ್ನಡ ಬೇಕಾಗಿದೆ. ಅದರಲ್ಲಿಯೂ ಶಿಷ್ಟ ಕನ್ನಡಕ್ಕಿಂತ ಊರಿನ ಆಡುನುಡಿ ಬೇಕಾಗಿದೆ. ಈ ಬೇಡಿಕೆಯನ್ನು ಕನ್ನಡದ ಗೆಲುವೆಂದು ಸಂಭ್ರಮಿಸುವ ಮುನ್ನ ಆ ನುಡಿಯನ್ನು ಆಡುವವರ ದುಡಿಮೆಯ ಸ್ವರೂಪವನ್ನು ಅರಿಯುವುದು ಅಗತ್ಯ.

ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯು ಆಂಧ್ರದ ಗಡಿಸೀಮೆಗೆ ಸೇರಿದ ಪ್ರದೇಶ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬುದು ಈ ಭಾಗದ ಅನೇಕ ಕುಟುಂಬಗಳ ಭಾಷಿಕ ವಾಸ್ತವ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯತೀಂದ್ರರು ಎರಡೂ ಭಾಷೆಗಳಲ್ಲಿ ರಚನೆ ಮಾಡಿರುವುದು ಈ ಪರಂಪರೆಗೆ ಸಾಕ್ಷಿ. ಇಂತಹ ಸೀಮೆಯ ಯುವಕನೋ ಗೃಹಿಣಿಯೋ ಮೊಬೈಲಿನ ಮುಂದೆ ಕುಳಿತು ಮುದ್ದೆ, ಬಸ್ಸಾರುಗಳ ಬಗೆಯನ್ನು ಮನೆಮಾತಿನ ಧಾಟಿಯಲ್ಲೇ ಹೇಳಿದಾಗ ನೋಡುಗರಿಗೆ ಅದು ನೆರೆಮನೆಯ ಮಾತಾಗಿ ಕೇಳಿಸುತ್ತದೆ. ಬ್ರ್ಯಾಂಡ್‌ಗಳು ಹಣ ತೆತ್ತು ಕೊಳ್ಳುವುದು ಈ ನೆರೆತನವನ್ನೇ.

ಈ ಕೊಳ್ಳುವಿಕೆಯ ಶರತ್ತುಗಳಾದರೋ ಅಸಮಾನವಾದವು. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಪ್ರಚಾರಕ್ಕೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.2 ಕೋಟಿ ರೂ. ಸಂಭಾವನೆಯ ಮೇಲೆ ರಾಯಭಾರಿಯಾಗಿ ನೇಮಿಸಿದಾಗ, ಕನ್ನಡದವರನ್ನೇಕೆ ಆರಿಸಲಿಲ್ಲ ಎಂಬ ಪ್ರಶ್ನೆ ನಾಡಿನಾದ್ಯಂತ ಎದ್ದಿತು. ಸರ್ಕಾರಿ ಉದ್ದಿಮೆಯಾದುದರಿಂದ ಮೊತ್ತ, ಅವಧಿಗಳೆರಡೂ ಬಹಿರಂಗವಾಗಿದ್ದವು. ಹಾಗಾಗಿಯೇ ಚರ್ಚೆ ಸಾಧ್ಯವಾಯಿತು. ಸಾವಿರಗಳ ಲೆಕ್ಕದಲ್ಲಿ ಹಿಂಬಾಲಕರನ್ನುಳ್ಳ ಕನ್ನಡದ ಸಣ್ಣ ಪ್ರಭಾವಿಗಳ ಒಪ್ಪಂದಗಳು ಇಂತಹ ಯಾವ ಚರ್ಚೆಗೂ ಒಳಗಾಗುವುದಿಲ್ಲ. ಎಷ್ಟೋ ವೇಳೆ ಒಪ್ಪಂದವೇ ಇರುವುದಿಲ್ಲ; ಇದ್ದರೆ ಅದು ಇಂಗ್ಲಿಷಿನಲ್ಲಿರುತ್ತದೆ. ವಿಡಿಯೋವನ್ನು ಎಷ್ಟು ಬಾರಿ ತಿದ್ದಿಕೊಡಬೇಕು, ಕಂಪನಿಯು ಅದನ್ನು ಎಷ್ಟು ಕಾಲ ಬಳಸಬಹುದು, ಪ್ರತಿಸ್ಪರ್ಧಿ ಸಂಸ್ಥೆಯ ಕೆಲಸವನ್ನು ಎಷ್ಟು ತಿಂಗಳು ಒಪ್ಪಿಕೊಳ್ಳಬಾರದು ಎಂಬ ನಿರ್ಣಾಯಕ ಸಂಗತಿಗಳು, ಆಡುನುಡಿಯನ್ನೇ ಬಂಡವಾಳವಾಗಿ ಉಳ್ಳ ವ್ಯಕ್ತಿಗೆ ಆತನದಲ್ಲದ ಭಾಷೆಯಲ್ಲಿ ಒದಗುತ್ತವೆ.

ಹಣದ ಬದಲು ವಸ್ತುವನ್ನೇ ಕಳುಹಿಸುವ ಪದ್ಧತಿಯೂ ವ್ಯಾಪಕವಾಗಿದೆ. ಅದನ್ನು ‘ಗಿಫ್ಟ್’ ಎಂದು ಕರೆಯುವುದು ರೂಢಿ. ಆದರೆ 2022ರ ಜುಲೈ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದನ್ವಯ ವರ್ಷಕ್ಕೆ 20,000 ರೂ. ಮೀರಿದ ಇಂತಹ ಲಾಭಗಳ ಮೇಲೆ ಶೇ. 10ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗಬೇಕು. ಪ್ರಚಾರದ ಬಳಿಕ ವಸ್ತುವನ್ನು ಹಿಂದಿರುಗಿಸಿದರೆ ಮಾತ್ರ ಅದು ಲಾಭವೆನಿಸದು. ಅರ್ಥಾತ್, ಮಾರುಕಟ್ಟೆಯು ಉಡುಗೊರೆಯೆನ್ನುವುದನ್ನು ಪ್ರಭುತ್ವವು ಪ್ರತಿಫಲವೆಂದು ಗುರುತಿಸಿದೆ. ದುಡಿದವರೇ ಅದನ್ನು ಹಾಗೆ ಗುರುತಿಸಿಕೊಳ್ಳಲಾರದಿರುವುದು ಭಾಷೆಯ ಸಮಸ್ಯೆಯೂ ಹೌದು.

ದನಗಳ ಜಾತ್ರೆಯಲ್ಲಿ ದಲ್ಲಾಳಿಯು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಕ್ರಮವನ್ನು ಇಲ್ಲಿ ನೆನೆಯಬಹುದು. ಅಲ್ಲಿ ಬೆಲೆ ಗುಟ್ಟಾಗಿದ್ದರೂ ದಲ್ಲಾಳಿಯು ದಲ್ಲಾಳಿಯೆಂಬುದು ಜಾತ್ರೆಗೆ ಬಂದವರಿಗೆಲ್ಲ ಗೊತ್ತು. ಆತನ ಹೊಗಳಿಕೆಯನ್ನು ಎಷ್ಟು ನಂಬಬೇಕೆಂಬುದನ್ನು ರೈತನು ತಾನೇ ನಿರ್ಧರಿಸುತ್ತಾನೆ. ಸಾಮಾಜಿಕ ಮಾಧ್ಯಮದಲ್ಲಿ ಬೆಲೆಯೊಂದಿಗೆ ಪಾತ್ರವೂ ಮರೆಯಾಗುತ್ತದೆ.

ಈ ಮರೆಯನ್ನು ಸರಿಸಲು ನಿಯಮಗಳು ಬಂದಿವೆ. ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿಯೂ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿಯೂ ಪ್ರತಿಫಲ ಸಂಬಂಧವನ್ನು ಬಹಿರಂಗಪಡಿಸುವಂತೆ ಮಾರ್ಗಸೂಚಿಗಳನ್ನು ಹೊರಡಿಸಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಪ್ರಚಾರಕ್ಕೆ 10 ಲಕ್ಷ ರೂ.ವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಗಮನಾರ್ಹ ಸಂಗತಿಯೆಂದರೆ, 2021ರ ಮಾರ್ಗಸೂಚಿಯು ಈ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಜಾಹೀರಾತಿನ ಭಾಷೆಯಲ್ಲಾಗಲಿ ನೀಡಬಹುದೆನ್ನುತ್ತದೆ. ಈ ‘ಆಗಲಿ’ಯೇ ಸಮಸ್ಯೆಯ ಮೂಲ. ಹತ್ತು ನಿಮಿಷ ಕನ್ನಡದಲ್ಲಿ ಮಾತನಾಡಿ ಮೂಲೆಯಲ್ಲಿ ‘ಕೊಲಾಬರೇಷನ್’ ಎಂಬ ಪದವನ್ನು ರೋಮನ್ ಅಕ್ಷರಗಳಲ್ಲಿ ತೋರಿಸಿದರೆ ನಿಯಮದ ಪಾಲನೆಯಾಗುತ್ತದೆ, ತಿಳಿವಳಿಕೆ ಮೂಡುವುದಿಲ್ಲ. ಮನವೊಲಿಸಲು ಕನ್ನಡ, ಎಚ್ಚರಿಸಲು ಇಂಗ್ಲಿಷ್ ಎಂಬ ಈ ವಿಭಜನೆಯನ್ನು ಒಪ್ಪಲಾಗದು.

ಕನ್ನಡದಲ್ಲಿ ‘ಇದು ಜಾಹೀರಾತು’ ಎಂದು ನೇರವಾಗಿ ಹೇಳಿದರೆ ನೋಡುಗರು ದೂರವಾಗುತ್ತಾರೆ, ಸಣ್ಣವರ ಗಳಿಕೆ ಕುಗ್ಗುತ್ತದೆ ಎಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆದರೆ ತಿಳಿಯದೆ ನಂಬಿದವರು ಒಮ್ಮೆ ಮೋಸಹೋದರೆ ಬ್ರ್ಯಾಂಡ್ ಬೇರೊಂದು ಮುಖವನ್ನು ಹುಡುಕಿಕೊಳ್ಳುತ್ತದೆ. ಪ್ರಭಾವಿಯು ಅದೇ ಊರಿನಲ್ಲಿ, ಅದೇ ಜನರ ನಡುವೆ ಬಾಳಬೇಕಾಗುತ್ತದೆ. ಆದ್ದರಿಂದ ಸೂಚನೆಯು ಮಾತಿನ ಭಾಷೆಯಲ್ಲಿಯೇ ಇರಬೇಕೆಂಬ ನಿಯಮವು ಇಬ್ಬರ ಹಿತಕ್ಕೂ ಅವಶ್ಯ.

ಆಡಳಿತ ಕನ್ನಡ, ಪತ್ರಿಕಾ ಕನ್ನಡಗಳನ್ನು ಪಠ್ಯವಾಗಿಸಿದ ಕನ್ನಡ ವಿಭಾಗಗಳು ಒಪ್ಪಂದದ ಕನ್ನಡವನ್ನು ಈವರೆಗೆ ಗಂಭೀರವಾಗಿ ಪರಿಗಣಿಸಿಲ್ಲ. ಪದವಿ ತರಗತಿಗಳಲ್ಲಿ ಕುಳಿತ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ದುಡಿಮೆಯತ್ತ ಹೊರಳುವವರೇ. ಅವರಿಗೆ ಅರ್ಥವಾಗುವ ಮಾದರಿ ಕರಾರುಪತ್ರವೊಂದನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸುವುದು, ಗಡಿಸೀಮೆಯ ಆಡುನುಡಿಯು ಸರಕಾಗುವ ಬಗೆಯನ್ನು ಕ್ಷೇತ್ರಕಾರ್ಯದ ಮೂಲಕ ದಾಖಲಿಸುವುದು ಕನ್ನಡ ಸಂಶೋಧನೆಯ ವ್ಯಾಪ್ತಿಗೇ ಸೇರಿದ ಕಾರ್ಯಗಳು. ಇವನ್ನು ವಾಣಿಜ್ಯ ವಿಭಾಗಕ್ಕೆ ಬಿಟ್ಟುಕೊಟ್ಟಲ್ಲಿ ಕನ್ನಡವು ಮಾರಾಟದ ಮಾತಾಗಿ ಮಾತ್ರ ಉಳಿದು, ಹಕ್ಕಿನ ಮಾತಾಗುವ ಅವಕಾಶದಿಂದ ವಂಚಿತವಾಗುತ್ತದೆ.