ಲ್ಯಾಪ್‌ಟಾಪ್ ಮುದಿಯಾಗಿಲ್ಲ ಕಣ್ರೀ, ದೊಡ್ಡ ಒಲೆ ಹಚ್ಚಿಲ್ಲ ಅಷ್ಟೆ

ಹೋದ ತಿಂಗಳಿಂದ ಒಂದು ಮಾತು ಹೊಟ್ಟೇಲಿ ಕುದೀತಾನೇ ಇದೆ. ಇವತ್ತು ಬರೆದುಬಿಡ್ತೀನಿ. ಯಾರಿಗಾದ್ರೂ ಖಾರ ಅನ್ಸಿದ್ರೆ ಒಂದು ಲೋಟ ಮಜ್ಜಿಗೆ ಕುಡೀರಿ.

ನಮ್ಮ ಸೊಸೆ ಮನೇಲೇ ಕೂತು ಲಗ್ನಪತ್ರಿಕೆ, ಗೃಹಪ್ರವೇಶ, ಸೀಮಂತದ ಕಾರ್ಡು ಮಾಡ್ಕೊಡೋದು ಉಪ್ಪಾರಹಳ್ಳೀಲಿ ನಿಮಗೆಲ್ಲ ಗೊತ್ತೇ ಇದೆ. ಅವಳು ಮಾಡಿದ್ರಲ್ಲಿ ಒತ್ತು, ದೀರ್ಘ ನೋಡಿ ತಿದ್ದೋದು ನನ್ನ ಪಾಲಿನ ಕೆಲಸ. ಲ್ಯಾಪ್‌ಟಾಪ್‌ಗೆ ಇನ್ನೂ ಎರಡು ವರ್ಷ. ನಾನು ಹಾಕಿದ್ದ ಚೀಟಿ ದುಡ್ಡಲ್ಲಿ ತಗೊಂಡಿದ್ದು. ಚಿತ್ರದ ಸಾಫ್ಟ್‌ವೇರ್ ಬಿಟ್ಟಿ ಸಿಗೋದು. ಅದರ ಹೊಸ ಬೀಟಾದಲ್ಲಿ ಅಕ್ಷರಕ್ಕೆ ನೆರಳು, ಅಂಚು ಹಾಕಿ ಆಮೇಲೂ ಬದಲಾಯಿಸ್ಬೋದು ಅಂತ ಅವಳು ಅದನ್ನೇ ಹಾಕ್ಕೊಂಡ್ಲು. ಬೀಟಾ ಅಂದ್ರೆ ಇನ್ನೂ ಒಲೆ ಮೇಲಿರೋ ಸಾರು. ಉಪ್ಪು ಹುಳಿ ನೋಡಿ ಹೇಳಿ ಅಂತ ಸೌಟಲ್ಲಿ ಕೊಡ್ತಾರಲ್ಲ, ಹಾಗೆ.

ಹಾಕಿದ ದಿನದಿಂದ ಶುರುವಾಯ್ತು ಪೀಕಲಾಟ. ಒಂದು ನೆರಳು ಹಾಕಿದ್ರೆ ನಲವತ್ತು ಸೆಕೆಂಡು ಆ ಗುಂಡನೆ ಚಕ್ರ ತಿರುಗೋದೇ. ಕುಣಿಗಲ್ ಕಡೆಯವರ ಗೃಹಪ್ರವೇಶದ ಕಾರ್ಡು ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗ್ಬೇಕು, ಇವಳು ರಾತ್ರಿ ಹನ್ನೊಂದರಲ್ಲಿ ಕಣ್ಣೀರು ಹಾಕ್ಕೊಂಡು ಕೂತಿದ್ಲು. ಆ ಕಾರ್ಡನ್ನ ಹಳೇ ಆವೃತ್ತೀಲಿ ಮತ್ತೆ ಮೊದಲಿಂದ ಮಾಡಿ ಹೆಂಗೋ ಮುಗಿಸಿದ್ಲು. ಮಾರನೇ ದಿನ ಮೇಲ್ಸೇತುವೆ ದಾಟಿ ಪೇಟೆಗೆ ಹೋಗಿ ರಿಪೇರಿ ಅಂಗಡೀಲಿ ತೋರಿಸಿದ್ವಿ. ಅಂಗಡಿ ಹುಡುಗ ಮುಚ್ಚಳ ತೆಗೆದು ನೋಡಿದ, ಎರಡು ನಿಮಿಷಾನೂ ಆಗಿರ್ಲಿಲ್ಲ. "ಆಂಟಿ, ಇದರಲ್ಲಿ ಗ್ರಾಫಿಕ್ಸ್ ಆಗಲ್ಲ, ಐವತ್ತೆಂಟು ಸಾವಿರಕ್ಕೆ ಹೊಸದು ಕೊಡ್ತೀನಿ" ಅಂದ. ಮನೆಗೆ ಬಂದ್ರೆ ನಮ್ಮನೆಯವರು, "ಟೈಂಪಾಸ್ ಕೆಲಸಕ್ಕೆ ಅಷ್ಟು ದುಡ್ಡಾ?" ಅಂದ್ರು.

ಈ ಎರಡು ಮಾತಿನ ಮೇಲೇ ನನ್ನ ಜಗಳ. ಒಬ್ಬ ಹೊಸದು ಕೊಳ್ಳಿ ಅಂದ, ಇನ್ನೊಬ್ಬರು ಬಿಟ್ಟುಬಿಡಿ ಅಂದ್ರು. ಯಾಕೆ ನಿಧಾನ ಆಯ್ತು ಅಂತ ಇಬ್ಬರಲ್ಲಿ ಒಬ್ಬರೂ ಕೇಳ್ಲಿಲ್ಲ! ಕುಕ್ಕರ್ ಕೂಗ್ದೇ ಹೋದ್ರೆ ನಾವೇನು ಕುಕ್ಕರನ್ನೇ ಎಸೀತೀವಾ? ಗ್ಯಾಸ್ಕೆಟ್ ನೋಡ್ತೀವಿ, ವೆಯ್ಟ್ ನೋಡ್ತೀವಿ, ಒಲೆ ಉರೀತಿದ್ಯಾ ನೋಡ್ತೀವಿ. ಆಮೇಲೆ ತಾನೇ ಅಂಗಡಿ ಮಾತು?

ಆ ರಾತ್ರಿ ಸೊಸೆ ಕೂತು ಓದಿ ಹುಡುಕಿದ್ಲು. ನನಗೆ ಅರ್ಥ ಆಗಿದ್ದನ್ನ ನನ್ನ ಮಾತಲ್ಲೇ ಹೇಳ್ತೀನಿ.

ಹಿಂದೆಲ್ಲ ಕಂಪ್ಯೂಟರ್ ಪ್ರೊಸೆಸರ್ ಒಳಗಿರೋ ಕೋರ್‌ಗಳು ಸಾಮಾನ್ಯವಾಗಿ ಒಂದೇ ಥರ ಇರ್ತಿದ್ವು. 2021ರ ಕೊನೇಲಿ ಬಂದ ಇಂಟೆಲ್ 12ನೇ ತಲೆಮಾರಿನಿಂದ ಬಹಳಷ್ಟರಲ್ಲಿ ಎರಡು ಥರ ಇರುತ್ತೆ. ಒಂದು ಜೋರಾಗಿ ಕೆಲಸ ಮಾಡೋದು, ಇನ್ನೊಂದು ಕರೆಂಟು ಉಳಿಸ್ಕೊಂಡು ಮೆಲ್ಲಗೆ ಮಾಡೋದು. ಗ್ಯಾಸ್ ಸ್ಟವ್ವಲ್ಲಿ ದೊಡ್ಡ ಬರ್ನರು, ಚಿಕ್ಕ ಬರ್ನರು ಇದ್ದಂಗೆ. ಮೊಬೈಲಲ್ಲಿ ಇದು ಇನ್ನೂ ಹಳೇದು, ಎಆರ್‌ಎಮ್‌ನವರು 2011ರಲ್ಲೇ ತಂದಿದ್ರು. ಬ್ಯಾಟರಿ ಉಳಿಸೋದಕ್ಕೆ ಒಳ್ಳೇ ಉಪಾಯಾನೇ. ನಮ್ಮ ಲ್ಯಾಪ್‌ಟಾಪಲ್ಲಿರೋ ಐ5-1235ಯು ಅನ್ನೋದ್ರಲ್ಲಿ ದೊಡ್ಡವು 2, ಚಿಕ್ಕವು 8. ದೊಡ್ಡದು ಒಂದೊಂದೂ ಎರಡೆರಡು ಕೈ ಇದ್ದಂಗೆ ಕೆಲಸ ಮಾಡೋದ್ರಿಂದ ವಿಂಡೋಸಿಗೆ ಒಟ್ಟು 12 ಕಾಣುತ್ತೆ.

ಈಗ ಯುಗಾದಿ ಹಿಂದಿನ ದಿನ ಹನ್ನೆರಡು ಜನ ಒಬ್ಬಟ್ಟು ತಟ್ಟೋಕೆ ಕೂತಿದ್ದಾರೆ ಅಂದ್ಕೊಳ್ಳಿ. ನಾಲ್ಕು ಜನ ಪಳಗಿದ ಕೈ, ಎಂಟು ಜನ ನಿಧಾನ. ಎಲ್ಲರಿಗೂ ಸಮಸಮ ಉಂಡೆ ಹಂಚಿದ್ರೆ ಏನಾಗುತ್ತೆ? ಪಳಗಿದವ್ರು ಬೇಗ ಮುಗಿಸಿ ಕೈಕಟ್ಟಿ ಕೂತ್ಕೋತಾರೆ, ಉಳಿದವ್ರು ಮುಗಿಸೋವರೆಗೂ ಯಾರಿಗೂ ಊಟ ಇಲ್ಲ. ಚಿತ್ರದ ಕೆಲಸಾನೂ ಹಂಗೆ ಸಮ ಹಂಚಿದ್ರೆ ಚಿಕ್ಕ ಕೋರಿಗಾಗಿ ದೊಡ್ಡದು ಕಾಯುತ್ತೆ. ಇದರ ಜತೆಗೆ ಕಿಟಕಿ ಮಡಚಿಟ್ಟು ಬೇರೆ ಕೆಲಸಕ್ಕೆ ಹೋದ್ರೆ, ಇದೇನು ಅರ್ಜೆಂಟಿಲ್ಲ ಅಂತ ವಿಂಡೋಸು ಆ ಕೆಲಸಾನ ಚಿಕ್ಕ ಬರ್ನರಿಗೆ ತಳ್ಳಿಬಿಡಬಹುದು.

ನಾವು ಮಾಡಿದ್ದು ಮೂರೇ ಕೆಲಸ. ಕಾಗದದ ಮೇಲೆ ಬರ್ಕೊಳ್ಳಿ.

ಮೊದಲನೇದು, ಚಾರ್ಜರ್ ಸಿಕ್ಕಿಸಿ, ಸೆಟ್ಟಿಂಗ್ಸಲ್ಲಿ ಪವರ್ ಮೋಡನ್ನ ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಟ್ವಿ.

ಎರಡನೇದು, ಸಾಫ್ಟ್‌ವೇರ್‌ನ ಪ್ರಿಫರೆನ್ಸಸ್ ಒಳಗೆ ಎಷ್ಟು ಥ್ರೆಡ್ ಅಂತ ಕೇಳೋ ಕಡೆ 12 ಇತ್ತು, ಅದನ್ನ 4 ಮಾಡಿದ್ವಿ.

ಮೂರನೇದು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಡೀಟೇಲ್ಸ್‌ಗೆ ಹೋಗಿ, ಸಾಫ್ಟ್‌ವೇರ್ ಹೆಸರಿನ ಮೇಲೆ ಬಲಗಡೆ ಬಟನ್ ಒತ್ತಿ, ಸೆಟ್ ಅಫಿನಿಟಿ ತೆಗೆದ್ವಿ. 0, 1, 2, 3ಕ್ಕೆ ಮಾತ್ರ ಗುರುತು ಬಿಟ್ಟು ಉಳಿದಿದ್ದು ತೆಗೆದ್ವಿ. ನಮ್ಮದರಲ್ಲಿ ಆ ನಾಲ್ಕೇ ದೊಡ್ಡ ಬರ್ನರು. ನಿಮ್ಮದು ಬೇರೆ ಇದ್ರೆ ಲೆಕ್ಕಾನೂ ಬೇರೆ, ಮೊದಲು ಪ್ರೊಸೆಸರ್ ಹೆಸರು ನೋಡ್ಕೊಳ್ಳಿ.

ನಲವತ್ತು ಸೆಕೆಂಡು ಇದ್ದಿದ್ದು ಒಂಬತ್ತಕ್ಕೆ ಬಂತು. ಒಂದು ರೂಪಾಯಿ ಖರ್ಚಿಲ್ಲ. ಹನ್ನೆರಡು ಕೈಯಿಗಿಂತ ನಾಲ್ಕು ಕೈ ಬೇಗ ಮಾಡ್ತು ಅಂದ್ರೆ ನಮ್ಮನೆಯವರು ಈಗಲೂ ನಂಬಲ್ಲ. ಮದುವೆಮನೆ ಅಡಿಗೆ ಮಾಡಿದ ಹೆಂಗಸರು ತಕ್ಷಣ ನಂಬ್ತಾರೆ.

ಇದು ರೋಗಕ್ಕೆ ಮದ್ದಲ್ಲ, ನೋವಿಗೆ ಶುಂಠಿ ಪಟ್ಟು ಅಷ್ಟೆ. ಸಾಫ್ಟ್‌ವೇರ್ ಮುಚ್ಚಿ ತೆಗೆದ್ರೆ ಮೂರನೇದನ್ನ ಮತ್ತೆ ಮಾಡ್ಬೇಕು. ಬ್ಯಾಟರಿ ಬೇಗ ಇಳಿಯುತ್ತೆ, ಫ್ಯಾನು ಜೋರಾಗಿ ಕೂಗುತ್ತೆ. ನಿಜವಾದ ಮದ್ದು ಅದನ್ನ ಬರೆಯೋವ್ರ ಕೈಲಿದೆ. ಅದಕ್ಕೇ ಸೊಸೆ ಅವರಿಗೆ ಪ್ರೊಸೆಸರ್ ಹೆಸರು, ಎಷ್ಟು ಸೆಕೆಂಡು, ಏನು ಮಾಡಿದಾಗ ಅಂತೆಲ್ಲ ಬರೆದು ಕಳಿಸಿದ್ಲು. ಸೌಟಲ್ಲಿ ಸಾರು ಕೊಟ್ಟಾಗ ಉಪ್ಪು ಕಮ್ಮಿ ಅಂತ ಹೇಳೋದು ತಿಂದವರ ಕರ್ತವ್ಯ. "ಬಿಟ್ಟಿ ಸಿಕ್ಕಿದ್ದಕ್ಕೆ ಬಾಯಿ ಮುಚ್ಕೊಂಡಿರಿ" ಅನ್ನೋರ ಮಾತು ಕೇಳ್ಬೇಡಿ. ಬಯ್ಯೋದೂ ಬೇಡ, ವಿವರವಾಗಿ ಹೇಳಿ.

ನಮ್ಮದೂ ಒಂದು ತಪ್ಪಿತ್ತು, ಮುಚ್ಚಿಡಲ್ಲ. ದುಡ್ಡು ಇಸ್ಕೊಂಡ ಕೆಲಸಾನ ಬೀಟಾದಲ್ಲಿ ಮಾಡ್ಬಾರ್ದು. ಗಿಂಪ್ ಅನ್ನೋ ಸಾಫ್ಟ್‌ವೇರನ್ನೇ ತಗೊಳ್ಳಿ, 2020ರಲ್ಲಿ 2.99 ಅಂತ ಪರೀಕ್ಷೆ ಆವೃತ್ತಿ ಬಿಡೋಕೆ ಶುರು ಮಾಡಿ, 3.0 ಪೂರ್ತಿಯಾಗಿ ಬಂದಿದ್ದು 2025ರ ಮಾರ್ಚಲ್ಲಿ. ಅಲ್ಲೀವರೆಗೂ ಕೆಲಸಕ್ಕೆ ಅಂತ 2.10 ಇದ್ದೇ ಇತ್ತು. ಹಳೇದನ್ನ ಯಾವತ್ತೂ ತೆಗೆದುಹಾಕ್ಬೇಡಿ. ಹೊಸದರಲ್ಲಿ ಉಳಿಸಿದ ಫೈಲು ಹಳೇದ್ರಲ್ಲಿ ತೆಗೀದೇ ಹೋಗ್ಬೋದು, ಹಂಗಾಗಿ ಪ್ರತಿ ಇಟ್ಕೊಂಡೇ ಆಟ ಆಡಿ.

ಇನ್ನು ಆ ಐವತ್ತೆಂಟು ಸಾವಿರದ ಮಾತು. ಆ ಹೊಸ ಲ್ಯಾಪ್‌ಟಾಪಲ್ಲಿ ಇದ್ದ ಪ್ರೊಸೆಸರೂ ಎರಡು ಥರ ಕೋರ್ ಇರೋದೇ! ಅಂಗಡಿ ಬೋರ್ಡಲ್ಲಿದ್ದ ಹೆಸರು ಬರ್ಕೊಂಡು ಬಂದು ಸೊಸೆ ನೋಡಿದ್ಲು. ದುಡ್ಡು ಸುರಿದು ಅದೇ ಒಬ್ಬಟ್ಟಿನ ಪಂಕ್ತೀಲಿ ಮತ್ತೆ ಕೂತ್ಕೋತಿದ್ವಿ.

ಅಕ್ಕ ತಂಗೀರೇ, ಅತ್ತಿಗೆಯರೇ, ನಿಮ್ಮ ಮಕ್ಕಳು, ಸೊಸೆಯರು ಮನೇಲಿ ಕೂತು ಮಾಡೋ ಕೆಲಸಕ್ಕೂ ಬೆಲೆ ಇದೆ. ಅಂಗಡಿಯವ್ರು ಹೊಸದು ಅಂದಾಗ ಒಂದೇ ಪ್ರಶ್ನೆ ಕೇಳಿ: "ನಿಧಾನ ಆಗೋಕೆ ಕಾರಣ ಏನಪ್ಪ, ತೋರ್ಸು." ಟಾಸ್ಕ್ ಮ್ಯಾನೇಜರ್ ತೆಗೆದು ತೋರಿಸ್ದೇ ಇದ್ರೆ ಪರ್ಸಿನ ಜಿಪ್ ತೆಗೀಬೇಡಿ. ಎಲ್ಲ ನೋಡಿದ ಮೇಲೂ ನಿಜವಾಗ್ಲೂ ಹಳೇದಾಗಿದ್ರೆ ತಗೊಳ್ಳೋಣ, ಬೇಡ ಅಂದೋರ್ಯಾರು?

ಸಂಜೆ ಮೇಲೆ ನಮ್ಮನೇಗೆ ಲ್ಯಾಪ್‌ಟಾಪ್ ತಗೊಂಡು ಬನ್ನಿ, ಸೊಸೆ ತೋರಿಸ್ಕೊಡ್ತಾಳೆ. ಚಾರ್ಜರ್ ಮರೀಬೇಡಿ.