ಅರೆನಿಮಿಷದ ನೋವಿಗೆ ಅರವತ್ತು ವರ್ಷದ ಮಾತ್ರೆ

ಅಡಿಕೆ ಸುಗ್ಗಿ ಬಂತೆಂದರೆ ಸಂತೇಬೆನ್ನೂರು ಸುತ್ತಿನ ಖೇಣಿದಾರರ ಅಂಗಳದಲ್ಲಿ ಹೆಣ್ಣುಮಕ್ಕಳು ಹಗಲಿಡೀ ಕಾಯಿ ಸುಲಿಯುತ್ತಾರೆ. ಅಲ್ಲಿ ಕೂತವಳೊಬ್ಬಳ ಕೈ ಇದ್ದಕ್ಕಿದ್ದಂತೆ ಸೆಟೆದು, ಬೆರಳು ತಿರುಚಿಕೊಂಡು, ಪ್ರಾಣ ಹೋಗುವಂಥ ನೋವು ಬಂದು, ಅರೆನಿಮಿಷದಲ್ಲಿ ಏನೂ ಆಗಿಲ್ಲವೆಂಬಂತೆ ಸಡಿಲಾದರೆ? ಪಕ್ಕದವರು ಮೂರ್ಛೆರೋಗವೆಂದಾರು, ಗಾಳಿ ಸೋಕಿದೆ ಎಂದಾರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ವೈದ್ಯರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಪ್ರಜ್ಞೆ ತಪ್ಪದೆ, ದಿನಕ್ಕೆ ಹತ್ತಾರು ಸಲ, ಪ್ರತಿ ಸಲವೂ ಒಂದೇ ಬಗೆಯಲ್ಲಿ ಬರುವ ಇಂಥ ಸೆಳೆತಕ್ಕೆ ಒಂದು ಕಾರಣ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್.

ಚಳಿ ದೇಶದವರ ಕಾಯಿಲೆ ಎಂದು ಇದನ್ನು ಬಹುಕಾಲ ಬದಿಗಿಟ್ಟದ್ದುಂಟು. ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಮಂಗಳೂರು ನಗರದಲ್ಲಿ ಸಮೀಕ್ಷೆ ನಡೆಸಿದಾಗ ಲಕ್ಷಕ್ಕೆ ಸುಮಾರು 8 ಮಂದಿಯಲ್ಲಿ ಇದು ಕಂಡಿತು. ಅಪರೂಪ ಹೌದು, ಇಲ್ಲವೆನ್ನುವಂತಿಲ್ಲ.

ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮೈಲಿನ್ ಎಂಬ ಹೊದಿಕೆ ಇದೆ. ಎಂ.ಎಸ್.ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಆ ಹೊದಿಕೆಯನ್ನು ಕೀಳುತ್ತದೆ. ಬೋರ್‌ವೆಲ್ ಕೇಬಲ್ಲಿನ ಕವಚ ಕಿತ್ತು ತಂತಿಗೆ ತಂತಿ ತಾಗಿದಂತೆ, ಒಂದು ತಂತುವಿನ ಸಂಕೇತ ಪಕ್ಕದ್ದಕ್ಕೆ ಹಾರಿ ಹರಡುತ್ತದೆ. ಈ ಸೆಳೆತವನ್ನು ಬ್ರಿಟನ್ನಿನ ವೈದ್ಯ ಮ್ಯಾಥ್ಯೂಸ್ 1958ರಲ್ಲಿ ವಿವರವಾಗಿ ದಾಖಲಿಸಿದರು. ಮುಖದ ನರಶೂಲೆಗೆ ಕಾರ್ಬಮಾಜೆಪಿನ್ ಎಂಬ ಮಾತ್ರೆ ಕೊಟ್ಟು ಗುಣ ಕಂಡಿದ್ದಾಗಿ ಸ್ವೀಡನ್ನಿನ ವೈದ್ಯ ಬ್ಲೋಮ್ 1962ರಲ್ಲಿ ವರದಿ ಮಾಡಿದರು. ವೈದ್ಯರಾದ ಎಸ್ಪಿರ್ ಮತ್ತು ಮಿಲಾಕ್ 1970ರಲ್ಲಿ ಅದೇ ಮಾತ್ರೆ ಎಂ.ಎಸ್.ನ ಹಠಾತ್ ಸೆಳೆತವನ್ನೂ ತಡೆಯುತ್ತದೆಂದು ತೋರಿಸಿದರು. ಸಂಕೇತ ಹೀಗೆ ಹಾರದಂತೆ ನರದ ಸೋಡಿಯಂ ದ್ವಾರಗಳನ್ನು ಅದು ಅದುಮಿ ಹಿಡಿಯುತ್ತದೆ. ಮೂರ್ಛೆರೋಗಿಗಳಿಗೆಂದು ತಾಲ್ಲೂಕಿನ ಔಷಧಿ ಅಂಗಡಿಗಳಲ್ಲೂ ಸಿಗುವ ಮಾತ್ರೆ ಇದು, ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಬೆಲೆಯೂ ಹೆಚ್ಚಲ್ಲ. ಮದ್ದು ಕೈಗೆಟಕುವ ದೂರದಲ್ಲಿದ್ದೂ ಕಾಯಿಲೆಯ ಗುರುತು ಸಿಗದೆ ವರ್ಷಗಟ್ಟಲೆ ನರಳುವುದು ನಿಜಕ್ಕೂ ಅನ್ಯಾಯ.

ಮುಖದ ನರಶೂಲೆಯದಂತೂ ಇನ್ನೂ ಕಷ್ಟದ ಕಥೆ. ಹಲ್ಲುಜ್ಜಿದರೆ, ತುತ್ತು ಅಗಿದರೆ, ಗಾಳಿ ಬೀಸಿದರೂ ಕೆನ್ನೆಯಲ್ಲಿ ಸಿಡಿಲು ಹೊಡೆಯುತ್ತದೆ. ಹಲ್ಲುನೋವೆಂದುಕೊಂಡು ಗಟ್ಟಿ ಹಲ್ಲುಗಳನ್ನೇ ಕೀಳಿಸಿಕೊಂಡವರು ಜಗತ್ತಿನಾದ್ಯಂತ ಇದ್ದಾರೆ. ಚಿಕ್ಕ ವಯಸ್ಸಿನವರಲ್ಲಿ, ಅದರಲ್ಲೂ ಎರಡೂ ಕೆನ್ನೆಯಲ್ಲಿ ಈ ನೋವು ಬಂದರೆ ಎಂ.ಎಸ್. ಇದೆಯೇ ಎಂದು ನೋಡಲೇಬೇಕು.

ಎಲ್ಲ ನೋವಿಗೂ ಒಂದೇ ಮಾತ್ರೆಯಲ್ಲ. ಹಗಲೂ ರಾತ್ರಿ ಕಾಲು ಉರಿಯುವವರಿಗೆ ಅಮಿಟ್ರಿಪ್ಟಿಲಿನ್, ಗಾಬಾಪೆಂಟಿನ್, ಪ್ರಿಗಾಬಾಲಿನ್. ಸ್ನಾಯು ಬಿಗಿದು ನೋಯುವವರಿಗೆ ಬ್ಯಾಕ್ಲೋಫೆನ್. ಇದನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಕತ್ತು ಬಗ್ಗಿಸಿದಾಗ ಬೆನ್ನಲ್ಲಿ ಕರೆಂಟ್ ಹರಿದಂತಾಗುವ ಲೆರ್ಮಿಟ್ ಲಕ್ಷಣಕ್ಕೆ ಬಹಳ ಸಲ ಮದ್ದೇ ಬೇಡ, ಹೆದರಬೇಡಿ ಎಂದರೆ ಸಾಕು. ಊರೂರಲ್ಲಿ ಚುಚ್ಚುವ ಡೈಕ್ಲೋಫೆನಾಕ್ ಇಂಜೆಕ್ಷನ್ ನರದಿಂದ ಹುಟ್ಟಿದ ನೋವಿಗೆ ನಾಟುವುದಿಲ್ಲ.

ಇನ್ನು ಸ್ಟಿರಾಯ್ಡ್. ಹೊಸ ದೌರ್ಬಲ್ಯವೋ ದೃಷ್ಟಿಮಂಕೋ 24 ಗಂಟೆಗೂ ಮೀರಿ ನಿಂತರೆ ರೋಗ ಮರುಕಳಿಸಿದೆ ಎಂದು ಅದನ್ನು ಕೊಡುತ್ತಾರೆ. ಬಿಡಿಯಾಗಿ ಬಂದುಹೋದ ಒಂದು ಸೆಳೆತಕ್ಕೆ ಅದು ಬೇಡ. ಹೊಸದಾಗಿ ಶುರುವಾಗಿ ದಿನ ಕಳೆದರೂ ಮೇಲಿಂದ ಮೇಲೆ ಬರುತ್ತಿದ್ದರೆ ಮಾತ್ರ ತಜ್ಞರು ಅದನ್ನು ರೋಗದ ಮರುಕಳಿಕೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಎಂ.ಎಸ್.ನಂತೆಯೇ ತೋರುವ ಎನ್.ಎಂ.ಓ. ಎಂಬ ಇನ್ನೊಂದು ಕಾಯಿಲೆಯಲ್ಲೂ ಇದೇ ಸೆಳೆತ ಬರುತ್ತದೆ. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್ ಆ ಕಾಯಿಲೆಯನ್ನು ಕೆರಳಿಸಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿ ಎರಡನ್ನೂ ಬೇರ್ಪಡಿಸಿಕೊಳ್ಳಬೇಕು.

ಕಾರ್ಬಮಾಜೆಪಿನ್ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆಯಲ್ಲ. ತಲೆ ಸುತ್ತುತ್ತದೆ; ಮೊದಲೇ ಓಲಾಡುವ ನಡಿಗೆ ಇನ್ನೂ ಹದಗೆಡಬಹುದು. ರಕ್ತದ ಸೋಡಿಯಂ ಇಳಿಯಬಹುದು. ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು ಕಂಡರೆ ಕೂಡಲೇ ವೈದ್ಯರ ಬಳಿಗೆ ಓಡಬೇಕು, ಅದು ಜೀವಕ್ಕೇ ಅಪಾಯ. ಗರ್ಭನಿರೋಧಕ ಮಾತ್ರೆಯ ಬಲವನ್ನೂ ಇದು ಕುಗ್ಗಿಸುತ್ತದೆ. ಎಂ.ಎಸ್. ಹೆಚ್ಚಾಗಿ 20ರಿಂದ 40ರ ಹೆಂಗಸರನ್ನೇ ಹಿಡಿಯುವುದರಿಂದ ಚೀಟಿ ಬರೆಯುವವರು ಈ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ರೋಗಿಯ ಮನೆಯವರಿಂದಲೂ ಆಗಬೇಕಾದ ಕೆಲಸವಿದೆ. ಸೆಳೆತ ಬಂದಾಗ ಗಾಬರಿಬಿದ್ದು ಕೈ ತಿಕ್ಕುವ ಬದಲು ಒಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಲಿ. ಎಷ್ಟು ಸೆಕೆಂಡು ಇತ್ತು, ದಿನಕ್ಕೆ ಎಷ್ಟು ಸಲ ಬಂತು, ಎದ್ದು ನಿಂತಾಗಲೋ ಮುಟ್ಟಿದಾಗಲೋ ಎಂದು ಬರೆದಿಡಲಿ. ದಾವಣಗೆರೆಯ ನರರೋಗ ತಜ್ಞರಿರಲಿ, ಬೆಂಗಳೂರಿನ ನಿಮ್ಹಾನ್ಸ್ ಇರಲಿ, ಎಂ.ಆರ್.ಐ. ಫಿಲಂ ಜೊತೆಗೆ ಆ ಅರೆನಿಮಿಷದ ವಿಡಿಯೋವನ್ನೂ ಮೇಜಿನ ಮೇಲಿಡಲಿ.