ಹೈಫಾ ಜ್ವರ ಮತ್ತು ಮೂರನೆಯ ಸವಾರ

1918ರಲ್ಲಿ ನಮ್ಮ ಸಂಸ್ಥಾನಗಳ ಕುದುರೆಪಡೆಗಳು ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ದಿನ, ಸೆಪ್ಟೆಂಬರ್ 23, ಹತ್ತಿರವಾದರೆ ನಮ್ಮ ಸಹೋದರ ಪತ್ರಿಕೆಗಳಿಗೆ ಹೈಫಾ ಜ್ವರ ಏರುತ್ತದೆ. ಜೋಧಪುರದ ಮೇಜರ್ ದಲಪತ್ ಸಿಂಗ್ ಅವರಿಗೆ ಹೈಫಾದಲ್ಲಿ ಮಡಿದದ್ದಕ್ಕಾಗಿ ಮಿಲಿಟರಿ ಕ್ರಾಸ್ ಸಿಕ್ಕಿತೆಂದು ಈ ಸಲವೂ ಅಚ್ಚಾಗಿದೆ. ಮಡಿದದ್ದು ಹೈಫಾದಲ್ಲೇ, ನಿಜ. ಪದಕ ಸಂದದ್ದು ಮಾತ್ರ ಅದಕ್ಕೂ ಎರಡು ತಿಂಗಳ ಹಿಂದೆ, 1918ರ ಜುಲೈನಲ್ಲಿ, ಜೋರ್ಡಾನ್ ಕಣಿವೆಯಲ್ಲಿ ತೋರಿದ ಸಾಹಸಕ್ಕೆ. ಮರಣೋತ್ತರವಾಗಿ ಮಿಲಿಟರಿ ಕ್ರಾಸ್ ಕೊಡುವ ಪದ್ಧತಿಯೇ ಆ ಕಾಲದಲ್ಲಿ ಇರಲಿಲ್ಲ. ವೀರನನ್ನು ಹೊಗಳುವ ಮೊದಲು ಅವನ ಪದಕ ಯಾವುದಕ್ಕೆ ಬಂತೆಂದು ನೋಡಬಾರದೇ?

ನಮ್ಮ ತಕರಾರು ಅಷ್ಟಕ್ಕೇ ನಿಲ್ಲುವುದಿಲ್ಲ. 2018ರ ಜನವರಿಯಲ್ಲಿ ಇಸ್ರೇಲ್ ಪ್ರಧಾನಿ ದೆಹಲಿಗೆ ಬಂದಾಗ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರು ಸೇರಿತು. ಅಲ್ಲಿನ ಮೂರು ಕಂಚಿನ ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದ್ ಕುದುರೆಪಡೆಗಳ ಲ್ಯಾನ್ಸರ್‌ಗಳವು. ಹೈಫಾಕ್ಕೆ ನುಗ್ಗಿದವರು ಜೋಧಪುರದವರು. ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿದವರು ಮೈಸೂರಿನವರು. ಹೈದರಾಬಾದಿನ ಪಡೆ ಆ ದಾಳಿಯಲ್ಲಿ ಇರಲೇ ಇಲ್ಲ. 1922ರಲ್ಲಿ ಈ ಸ್ಮಾರಕ ನಿಲ್ಲಿಸಿದವರು ಸಿನಾಯ್, ಪ್ಯಾಲೆಸ್ತೀನ್, ಸಿರಿಯಾಗಳ ಇಡೀ ಯುದ್ಧವನ್ನು ನೆನೆದಿದ್ದರು. ನಾವು ಒಂದೇ ದಿನದ ಗೆಲುವನ್ನು ಹಿಡಿದುಕೊಂಡು ಮೂರನೆಯ ಸವಾರನನ್ನು ಅವನ ಸ್ಮಾರಕದಲ್ಲೇ ಹೊರಗಿನವನಾಗಿಸಿದೆವು.

ಗೋಲ್ಕೊಂಡ ಕೋಟೆಯ ಪಕ್ಕದ ಮಣಿಕೊಂಡದಲ್ಲಿ ಕೂತು ಬರೆಯುವ ನಮಗೆ ಇದು ಪರರ ಜಗಳವಲ್ಲ. 1956ರವರೆಗೆ ಇಂದಿನ ಕಲ್ಯಾಣ ಕರ್ನಾಟಕದ ಬೀದರ್, ಗುಲ್ಬರ್ಗ, ರಾಯಚೂರುಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಮೈಸೂರಿನ ಕುದುರೆಪಡೆ ಭಾರತೀಯ ಸೇನೆಯ 61ನೇ ಕ್ಯಾವಲ್ರಿಯಲ್ಲಿ ಸೇರಿ ಉಳಿಯಿತು. ವರ್ಷಕ್ಕೊಮ್ಮೆ ಹೂವಿನ ಹಾರವನ್ನಾದರೂ ಕಾಣುತ್ತದೆ. ನಿಜಾಮರ ಸೈನ್ಯ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ನಂತರ ವಿಸರ್ಜನೆಯಾಯಿತು, ಹಾರ ಹಾಕಲು ವಾರಸುದಾರರಿಲ್ಲ. ಸಾಲದ್ದಕ್ಕೆ, ನಿಜಾಮರ ಸಮವಸ್ತ್ರ ಕಂಡರೆ ಸಾಕು, ರಜಾಕಾರ, ಅಂದರೆ ನಿಜಾಮರ ಪರ ಹಿಂಸೆಗಿಳಿದ ಪಡೆಯವ, ಎಂದು ತೀರ್ಪು ಕೊಡುವ ಪಂಡಿತರು ಬೇರೆ. 1948ರ ಪಾಪವನ್ನು 1918ರ ಸವಾರನ ತಲೆಗೆ ಕಟ್ಟುವವರು ಇತಿಹಾಸದ ಮಾತಾಡದಿದ್ದರೆ ಒಳ್ಳೆಯದು.

ಹಾಗೆಂದು ಆ ಸವಾರರ ಪದಕಗಳಿಗೆ ಇವತ್ತಿನ ದೇಶಭಕ್ತಿಯ ಬಣ್ಣ ಬಳಿಯುವುದನ್ನೂ ನಾವು ಒಪ್ಪುವುದಿಲ್ಲ. ಅವರು ಕಾದಿದ್ದು ಬ್ರಿಟಿಷ್ ಚಕ್ರಾಧಿಪತ್ಯಕ್ಕಾಗಿ. ಕಳಿಸಿದವರು ಮಹಾರಾಜರು, ನಿಜಾಮರು. ಅವರ ಧೈರ್ಯಕ್ಕೆ ತಲೆಬಾಗೋಣ, ಆ ಯುದ್ಧಕ್ಕೆ ಜೈಕಾರ ಬೇಡ.

ಮುಂದಿನ ಸಂಚಿಕೆಯ ವಿಷಯ: ಕಲ್ಯಾಣ ಕರ್ನಾಟಕದ ಸೈನಿಕರು. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನದೊಂದು ಪದಕವೋ ಉರ್ದುವಿನಲ್ಲಿ ಬರೆದ ಪಿಂಚಣಿ ಕಾಗದವೋ ಇದ್ದರೆ ಫೋಟೊ ತೆಗೆದು ಕಳಿಸಿ. ಊರಿನ ಹೆಸರು ಬರೆಯುವುದನ್ನು ಮರೆಯಬೇಡಿ.